ಒಂದೇ ಟೇಬಲ್‌ನಾಗ 180 ಕೋಟಿ ರೆಕಾರ್ಡ್ ಆಗ್ಯಾವೆ, ಇನ್ನ ಎಷ್ಟು ಹಿಡೀತೈತೆ?

ಹಗರಿ_ಹುಡುಗ | ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಬಳ್ಳಾರಿನಾಗೆ ಲಾರಿಗಳಿಗೆ ಜಿಪಿಎಸ್ ಹಾಕೋ ಒಂದು ಸಣ್ಣ ಕಂಪನಿನಾಗೆ ಕೆಲಸ ಮಾಡ್ತೀನಿ. ಸರ್ವರ್ ನೋಡ್ಕೊಳ್ಳೋದು, ರಿಪೋರ್ಟ್ ಬರೆಯೋದು, ಗಾಡಿ ಮಾಲೀಕರ ಫೋನ್ ಎತ್ತೋದು ಎಲ್ಲ ನಾನೇ. ಸಂಡೂರು ಕಡೆ ಅದಿರು ಹೊಡಿಯೋ ಗಾಡಿ ಜಾಸ್ತಿ, ಒಟ್ಟು 1200 ಅದಾವೆ, ಒಂದೊಂದು ಡಿವೈಸು 10 ಸೆಕೆಂಡಿಗೊಂದು ಸಲ ಗಾಡಿ ಎಲ್ಲೈತೆ ಎಷ್ಟು ಸ್ಪೀಡೈತೆ ಅಂತ ಕಳಿಸ್ತೈತೆ, ಗಾಡಿ ನಿಂತಿದ್ರೂ ಕಳಿಸ್ತೈತೆ, ಅವೆಲ್ಲ ಮೈಎಸ್‌ಕ್ಯೂಎಲ್ 8 ಅನ್ನೋ ಡೇಟಾಬೇಸ್‌ನಾಗೆ ಒಂದೇ ಟೇಬಲ್‌ಗೆ ಬಂದು ಬೀಳ್ತಾವೆ. ಈಗ ಆ ಟೇಬಲ್ 180 ಕೋಟಿ ರೆಕಾರ್ಡ್ ತೋರಿಸ್ತೈತೆ, ಇಂಡೆಕ್ಸ್ (ಬೇಗ ಹುಡುಕೋಕೆ ಇಡೋ ಸೂಚಿ) ಸೇರಿ ಸೈಜು 270 ಜಿಬಿ. ಡಿಸ್ಕ್‌ನಾಗೆ ಇನ್ನ 150 ಜಿಬಿ ಖಾಲಿ ಐತೆ.

ನಮ್ಮ ಓನರು ಮೊನ್ನೆ ಕೇಳಿದ್ರು, ಇದು ಎಲ್ಲಿತನಕ ಹಿಡೀತೈತಪ್ಪ, ಒಂದಿನ ತುಂಬಿ ನಿಂತ್ರೆ ಗಾಡಿಯೋರಿಗೆ ಏನ್ ಹೇಳಬೇಕು ಅಂತ. ನನಗೆ ಉತ್ತರ ಗೊತ್ತಿರಲಿಲ್ಲ. ಒಂದು ಟೇಬಲ್‌ಗೆ ಇಷ್ಟೇ ಅಂತ ಲಿಮಿಟ್ ಐತಾ? ದೊಡ್ಡ ಟೇಬಲ್ ನೋಡಿದೋರು ದಯವಿಟ್ಟು ಹೇಳ್ರಿ.

ಹತ್ತಿಬಜಾರ್_ರಾಯಚೂರು

ಅಣ್ಣಾ 4 ಜಿಬಿ ಮ್ಯಾಲ ಹೋಗಂಗಿಲ್ಲ ಅಂತ ಕೇಳಿದ್ದೆ ನಾ. ನಮ್ಮ ದಲಾಲಿ ಅಂಗಡಿ ಲೆಕ್ಕದ ಬ್ಯಾಕಪ್ ದಿನಾ ರಾತ್ರಿ ಪೆನ್‌ಡ್ರೈವ್‌ಗೆ ತಗೀತೀವಿ, ಹೋದ ಹತ್ತಿ ಸೀಜನ್‌ನಿಂದ ಸರಿಯಾಗಿ 4 ಜಿಬಿಗೆ ಬಂದು ನಿಂದರ್ತದ, ಎರರ್ ಬರ್ತದ. ನಿಮ್ದು 270 ಹ್ಯಾಂಗ ಆತು?

ಕೋಟೆ_ಕೆಳಗೆ

ಹತ್ತಿಬಜಾರ್ ಅವ್ರೆ, ಅದು ಡೇಟಾಬೇಸ್ ಲಿಮಿಟ್ ಅಲ್ರಿ, ಪೆನ್‌ಡ್ರೈವ್ ಲಿಮಿಟ್. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಾಗೆ ಇದ್ರೆ ಒಂದು ಫೈಲು 4 ಜಿಬಿ ಆಗಂಗಿಲ್ಲ, ಅಷ್ಟೇ. ಎಕ್ಸ್‌ಫ್ಯಾಟ್ ಮಾಡ್ಕೊಳ್ರಿ, ಇಲ್ಲ ಒಂದು ಹಾರ್ಡ್‌ಡಿಸ್ಕ್ ತಗೊಳ್ರಿ. ಇವತ್ತೇ ಮಾಡ್ರಿ ಅಂತ ಕೈ ಮುಗಿದು ಹೇಳ್ತೀನಿ, ಯಾಕಂದ್ರೆ ಹೋದ ಸೀಜನ್‌ನಿಂದ ಇವತ್ತಿನ ತನಕ ನಿಮ್ಮ ಹತ್ರ ಪೂರ್ತಿ ಬ್ಯಾಕಪ್ ಒಂದೂ ಇಲ್ಲ ಅಂತಾಯ್ತು. ಮೈಎಸ್‌ಕ್ಯೂಎಲ್‌ಗೆ 4 ಜಿಬಿ ಅನ್ನೋ ಮಾತು ಹಳೇದು, ಮೈಐಸ್ಯಾಮ್ ಅನ್ನೋ ಹಳೇ ಟೇಬಲ್ ಪದ್ಧತಿ ಕಾಲದ್ದು, 5.0.6ಕ್ಕಿಂತ ಮೊದಲು ಡಿಫಾಲ್ಟ್ ಹಂಗಿತ್ತು, ಆಮೇಲೆ ಅದನ್ನೂ 256 ಟಿಬಿಗೆ ಏರಿಸಿದ್ರು.

ಹಗರಿ ತಮ್ಮಾ, ನಿಂದು ಇನ್ನೊಡಿಬಿ ಇರ್ತೈತೆ, ಮೈಎಸ್‌ಕ್ಯೂಎಲ್ ಈಗ ಟೇಬಲ್ ಇಡೋ ಪದ್ಧತಿ ಅದು. ಅದು ಡೇಟಾ ಇಡೋ ಪುಟ 16 ಕೆಬಿ ಇದ್ರೆ, ಡಿಫಾಲ್ಟ್ ಅದೇ, ಒಂದು ಟೇಬಲ್‌ಗೆ 64 ಟಿಬಿ ತನಕ ಲಿಮಿಟ್. ನೀ ಹೇಳಿದ್ದನ್ನ ಲೆಕ್ಕ ಹಾಕಿದೆ. 1200 ಗಾಡಿ, ದಿನಕ್ಕೆ ಒಂದೊಂದು ಗಾಡಿದು 8640 ಪಿಂಗ್ (ಡಿವೈಸು ಒಂದು ಸಲ ಕಳಿಸೋದು ಒಂದು ಪಿಂಗ್), ಒಟ್ಟು ದಿನಕ್ಕೆ 1 ಕೋಟಿ 3 ಲಕ್ಷ 68 ಸಾವಿರ. 270 ಜಿಬಿನ 180 ಕೋಟಿಗೆ ಹಂಚಿದ್ರೆ ಒಂದು ರೆಕಾರ್ಡಿಗೆ 150 ಬೈಟ್. ದಿನಕ್ಕೆ ಒಂದೂವರೆ ಜಿಬಿ ಚಿಲ್ಲರೆ. ಈ ಲೆಕ್ಕದಾಗೆ 64 ಟಿಬಿ ತುಂಬೋಕೆ 115 ವರ್ಷ ಬೇಕು. ನಿಮ್ಮ ಓನರಿಗೆ ಆ ಉತ್ತರ ಕೊಡಬಹುದು, ಆದ್ರೆ ಈಗಲೇ ಕೊಡಬೇಡ. ಮೊದಲು ಶೋ ಕ್ರಿಯೇಟ್ ಟೇಬಲ್ ಕಮಾಂಡ್ ಹೊಡೆದು, ರೆಕಾರ್ಡಿನ ನಂಬರ್ ಇಡೋ ಐಡಿ ಕಾಲಂ ಯಾವ ಟೈಪ್ ಐತೆ ನೋಡಿ ಹೇಳು.

ಬಿಸಿಎ_ಲಿಂಗಸುಗೂರು

ಸರ್ 64 ಟಿಬಿ ಅಂತ ಯಾಕ ಇಟ್ಟಾರ? 100 ಯಾಕಲ್ಲ? ಬುಕ್ಕಿನಾಗ ಬರೀ ನಂಬರ್ ಕೊಟ್ಟಿರ್ತಾರ, ಕಾರಣ ಎಲ್ಲೂ ಇಲ್ಲ.

ಪಾಠದ_ಮೇಡಂ

ತಮ್ಮಾ ಛಲೋ ಪ್ರಶ್ನೆ ಕೇಳೀದಿ, ನಾ ರಾಯಚೂರಿನಾಗ ಇದೇ ವಿಷಯ ಹೇಳ್ಕೊಡ್ತೀನಿ, ಪರೀಕ್ಷಾದಾಗ ಇದನ್ನ ಯಾರೂ ಕೇಳಂಗಿಲ್ಲ ಅಂತ ನನಗೂ ಬ್ಯಾಸರ ಅದ. ದಲಾಲಿ ಅಂಗಡಿಯಾಗ ಕಿರ್ದಿ ಪುಸ್ತಕ ನೋಡಿರ್ತಿ. ಒಂದೊಂದು ಹಾಳಿ ಮ್ಯಾಲೂ ಪುಟದ ನಂಬರ್ ಬರೆಯಾಕ ಸಣ್ಣ ಚೌಕ ಅದ ಅಂತ ತಿಳ್ಕೊ, ಅದರಾಗ ನಾಕೇ ಅಂಕಿ ಹಿಡಿತಾವ. ಅಂದ್ರ 9999ಕ್ಕ ಪುಸ್ತಕ ಮುಗೀತು, ಮುಂದ ನೀ ಎಷ್ಟರೆ ಹಾಳಿ ತಂದು ಹೊಲಿ, ನಂಬರ್ ಹಾಕಾಕ ಜಾಗ ಇಲ್ಲ. ಇನ್ನೊಡಿಬಿನೂ ಡೇಟಾನ ಪುಟ ಮಾಡಿ ಇಡ್ತದ, ಪುಟದ ನಂಬರಿಗೆ 32 ಬಿಟ್ ಜಾಗ ಇಟ್ಟಾರ, ಅದರಾಗ 429 ಕೋಟಿ ಚಿಲ್ಲರ ನಂಬರ್ ಬರ್ತಾವ, ಅದಕ್ಕ 16 ಕೆಬಿ ಗುಣಿಸು, 64 ಟಿಬಿ ಬರ್ತದ. ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್‌ನಾಗೂ ಪುಟದ ನಂಬರ್ 32 ಬಿಟ್ಟೇ, ಪುಟ 8 ಕೆಬಿ, ಅದಕ್ಕ ಅಲ್ಲಿ ಒಂದು ಟೇಬಲ್‌ಗೆ 32 ಟಿಬಿ. ಹಾಳಿ ದೊಡ್ಡದು ಮಾಡಿದ್ರ ಅಷ್ಟೇ ನಂಬರಿನಾಗ ಜಾಸ್ತಿ ಲೆಕ್ಕ ಹಿಡಿತದ, ಮೈಎಸ್‌ಕ್ಯೂಎಲ್‌ನಾಗ 64 ಕೆಬಿ ಪುಟ ಇಟ್ರ 256 ಟಿಬಿ ತನಕ ಹೋಗಬಹುದು, ಆದ್ರ ಅದನ್ನ ಸರ್ವರ್ ಮೊದಲ ಸಲ ಹೂಡುವಾಗಲೇ ಇಡಬೇಕು, ನಡುವ ಬದಲಿ ಮಾಡಾಕ ಬರಂಗಿಲ್ಲ.

ಇನ್ನೊಂದು ಮಾತು. ಪೋಸ್ಟ್‌ಗ್ರೆಸ್ ಒಂದು ಟೇಬಲ್‌ನ 1 ಜಿಬಿ 1 ಜಿಬಿ ಫೈಲ್ ಮಾಡಿ ಒಡೆದು ಇಡ್ತದ, ಇನ್ನೊಡಿಬಿ ಒಂದು ಟೇಬಲ್‌ಗೆ ಒಂದೇ ಫೈಲ್ ಇಡ್ತದ. ಲಿನಕ್ಸ್‌ನಾಗ ಇಎಕ್ಸ್‌ಟಿ4 ಇದ್ರ 4 ಕೆಬಿ ಬ್ಲಾಕಿಗೆ ಒಂದು ಫೈಲ್ 16 ಟಿಬಿ ದಾಟಂಗಿಲ್ಲ. ಅಂದ್ರ 64 ಅಂತ ಪುಸ್ತಕದಾಗ ಇದ್ರೂ ಅದಕ್ಕಿಂತ ಮೊದಲು ಫೈಲ್‌ಸಿಸ್ಟಂ ಕೈ ಎತ್ತತದ. ಯಾವ ಲಿಮಿಟ್ ಮೊದಲು ಬರ್ತದೋ ಅದೇ ನಿನ್ನ ಲಿಮಿಟ್.

ಹಗರಿ_ಹುಡುಗ

ನೋಡಿದೆ ಅಣ್ಣ. ಐಡಿ ಇಂಟ್ ಐತೆ, ಆಟೋ ಇನ್‌ಕ್ರಿಮೆಂಟ್ (ನಂಬರ್ ತಾನೇ ಒಂದೊಂದು ಏರ್ತೈತೆ), ಅನ್‌ಸೈನ್ಡ್ ಅಂತ ಬರೆದಿಲ್ಲ. ಇದು ನಾನು ಸೇರೋಕಿಂತ ಮೊದಲು ಮಾಡಿದ್ದ ಟೇಬಲ್.

ಕೋಟೆ_ಕೆಳಗೆ

ಹಂಗಾದ್ರೆ 115 ವರ್ಷ ಮರ್ತುಬಿಡು. ಸೈನ್ಡ್ ಇಂಟ್‌ನಾಗೆ, ಅಂದ್ರೆ ಮೈನಸ್ ನಂಬರಿಗೂ ಜಾಗ ಬಿಟ್ಟ 32 ಬಿಟ್‌ನಾಗೆ, ದೊಡ್ಡ ನಂಬರ್ ಅಂದ್ರೆ 214 ಕೋಟಿ 74 ಲಕ್ಷ 83 ಸಾವಿರದ 647. ನೀ 180 ಕೋಟಿಗೆ ಬಂದೀಯ, ಉಳಿದಿದ್ದು 34 ಕೋಟಿ ಮುಕ್ಕಾಲು, ದಿನಕ್ಕೆ 1 ಕೋಟಿ 3 ಲಕ್ಷ ಚಿಲ್ಲರೆ ಅಂದ್ರೆ 33 ದಿನ. ಮೇಡಂ ಹೇಳಿದ್ರಲ್ಲ ಚೌಕದಾಗೆ ಅಂಕಿ ಹಿಡಿಯಲ್ಲ ಅಂತ, ಅದೇ ಕತೆ, ಪುಟದ ನಂಬರಿನ ಬದಲಿ ರೆಕಾರ್ಡಿನ ನಂಬರಿಗೆ ಬಂದೈತೆ. ತುಂಬಿದ ದಿನ ಮೈಎಸ್‌ಕ್ಯೂಎಲ್ ತುಂಬೈತೆ ಅಂತ ಹೇಳಲ್ಲ, ಡೂಪ್ಲಿಕೇಟ್ ಎಂಟ್ರಿ 2147483647 ಅಂತ ಎರರ್ ಕೊಡ್ತೈತೆ, ಯಾರಿಗೂ ತಿಳಿಯಲ್ಲ, ಎಲ್ಲಾರೂ ಕೋಡ್‌ನಾಗೆ ತಪ್ಪು ಹುಡುಕ್ತಾ ಕೂಡ್ತಾರೆ. ನಾನು ಒಂದು ಆಫೀಸಿನಾಗೆ ಇದೇ ಎರರ್ ಇಟ್ಕೊಂಡು ಬೆಳಗಿನ 4 ಗಂಟೆ ತನಕ ಕೂತೀನಿ, ಅದಕ್ಕೆ ನಿನಗೆ ಮೊದಲೇ ಕೇಳಿದ್ದು.

ಸಿಂಧನೂರು_88

ಭಾಳ ದೊಡ್ಡ ದೊಡ್ಡ ಕಂಪನಿಗೂ ಇದು ಆಗೇದ. 2018ರ ನವೆಂಬರ್ 8ಕ್ಕ ಬೇಸ್‌ಕ್ಯಾಂಪ್ ಅನ್ನೋ ಪ್ರಾಜೆಕ್ಟ್ ನೋಡ್ಕೊಳ್ಳೋ ಆ್ಯಪ್ ಸುಮಾರು 5 ತಾಸು ಬರೀ ಓದಾಕ ಮಾತ್ರ ಬರೋ ಹಂಗ ಆಗಿ ನಿಂತಿತ್ತು, ಕಾರಣ ಇದೇ 214 ಕೋಟಿ. ವೆಬ್‌ಸೈಟ್ ಕಟ್ಟೋ ರೇಲ್ಸ್ ಫ್ರೇಮ್‌ವರ್ಕಿನೋರು 2017ರಾಗ 5.1ರಿಂದ ಐಡಿಗೆ 64 ಬಿಟ್‌ನ ಬಿಗ್‌ಇಂಟ್ ಡಿಫಾಲ್ಟ್ ಮಾಡಿದ್ರು, ಹಳೇ ಟೇಬಲ್ ಮಾತ್ರ ಹಂಗೇ ಉಳೀತಾವಲ್ಲ.

ಹಗರಿ, ಒಂದು ಕೇಳ್ತೀನಿ, 180 ಕೋಟಿ ಅನ್ನೋ ನಂಬರ್ ಎಲ್ಲಿಂದ ತಗೊಂಡ್ರಿ? ಮೈಎಸ್‌ಕ್ಯೂಎಲ್ ತನ್ನ ಟೇಬಲ್‌ಗಳ ವಿವರ ಇಡೋ ಇನ್‌ಫರ್ಮೇಶನ್ ಸ್ಕೀಮಾದಿಂದ ತಗೊಂಡಿದ್ರ ಅದು ಅಂದಾಜು ಲೆಕ್ಕ, ಇನ್ನೊಡಿಬಿ ಖರೆ ರೋ ಎಣಿಸಂಗಿಲ್ಲ. ಮತ್ತ 8ರಾಗ ಆ ಲೆಕ್ಕಾನ ಒಂದು ದಿನದ ತನಕ ಹಳೇದೇ ತೋರಿಸ್ತದ. ಸಿಸ್ ಸ್ಕೀಮಾದಾಗ ಸ್ಕೀಮಾ ಆಟೋ ಇನ್‌ಕ್ರಿಮೆಂಟ್ ಕಾಲಮ್ಸ್ ಅಂತ ಒಂದು ವ್ಯೂ ಅದ, ಯಾವ ಟೇಬಲ್ ಎಷ್ಟು ಪಾಲು ತುಂಬೇದ ಅಂತ ಸಾಲಾಗಿ ತೋರಿಸ್ತದ. ಅದರ ಜೋಡಿ ಮ್ಯಾಕ್ಸ್ ಐಡಿ ತಗೊಂಡು ಹೇಳ್ರಿ. ನೀವು ಇನ್ಸರ್ಟ್ ಇಗ್ನೋರ್, ಅಂದ್ರ ಇದ್ದ ರೆಕಾರ್ಡೇ ಮತ್ತ ಬಂದ್ರ ಬಿಟ್ಟುಬಿಡೋ ಕಮಾಂಡ್, ಬಳಸ್ತೀರೇನು?

ಹಗರಿ_ಹುಡುಗ

ಹೌದು ಬಳಸ್ತೀವಿ. ಸಂಡೂರು ಗುಡ್ಡದಾಗೆ ನೆಟ್‌ವರ್ಕ್ ಹೋಗ್ತೈತೆ, ವಾಪಸ್ ಬಂದಾಗ ಡಿವೈಸು ಕಳಿಸಿದ್ದನ್ನೇ ಮತ್ತೆ ಕಳಿಸ್ತೈತೆ, ಅದಕ್ಕೆ ಗಾಡಿ ನಂಬರ್ ಮತ್ತು ಟೈಮ್ ಸೇರಿಸಿ ಯುನೀಕ್ ಇಂಡೆಕ್ಸ್ ಹಾಕಿ ಇನ್ಸರ್ಟ್ ಇಗ್ನೋರ್ ಮಾಡ್ಯಾರೆ.

ಮ್ಯಾಕ್ಸ್ ಐಡಿ ನೋಡಿದೆ. 197 ಕೋಟಿ ದಾಟೈತೆ. 180 ಅಲ್ಲ.

ಸಿಂಧನೂರು_88

ಅದಕ್ಕೇ ಕೇಳಿದ್ದು. ಇನ್ಸರ್ಟ್ ಇಗ್ನೋರ್‌ನಾಗ ರೆಕಾರ್ಡ್ ಬ್ಯಾಡಂತ ಬಿಟ್ರೂ ಐಡಿ ಖರ್ಚಾಗಿ ಹೋಗಿರ್ತದ. ವಾಪಸ್ ಬಂದ ಪ್ರತಿ ಪಿಂಗೂ ಒಂದು ನಂಬರ್ ತಿಂದದ. ಉಳಿದಿದ್ದು 17 ಕೋಟಿ ಮುಕ್ಕಾಲು, ಅಂದ್ರ 17 ದಿನ, ಈ ವಾಪಸ್ ಪಿಂಗ್ ಹಿಡಿದ್ರ ಅದಕ್ಕಿಂತ ಕಮ್ಮಿ. ರೊಟ್ಟಿ ಉಂಡು ಕೂಡ್ರಿ, ಇವತ್ತೇ ಪ್ಲಾನ್ ಮಾಡೋಣ.

ಹಗರಿ_ಹುಡುಗ | ಶನಿವಾರ ರಾತ್ರಿ 11:55

ಕೈ ನಡುಗ್ತಾ ಐತೆ ಅಣ್ಣ. ಆಲ್ಟರ್ ಟೇಬಲ್ ಮಾಡಿ ಬಿಗ್‌ಇಂಟ್ ಮಾಡಿದ್ರೆ ಮುಗೀತಲ್ವಾ? ಇವತ್ತು ರಾತ್ರಿನೇ ಹಾಕ್ಲಾ?

ಕೋಟೆ_ಕೆಳಗೆ

ಬೇಡ! ಕಾಲಂ ಟೈಪ್ ಬದಲಿಸಿದ್ರೆ ಮೈಎಸ್‌ಕ್ಯೂಎಲ್ ಇಡೀ ಟೇಬಲ್‌ನ ಇನ್ನೊಂದು ಕಾಪಿ ಮಾಡ್ತೈತೆ, ಅದು ಮುಗಿಯೋ ತನಕ ಬರೆಯೋದು ಬಂದ್. 270 ಜಿಬಿ ಕಾಪಿಗೆ ನಿನ್ನ ಹತ್ರ ಖಾಲಿ ಇರೋದು 150. ಅರ್ಧಕ್ಕೆ ಡಿಸ್ಕ್ ತುಂಬಿ ಬೀಳ್ತೈತೆ, ಅಷ್ಟೊತ್ತು 1200 ಗಾಡಿ ಪಿಂಗ್ ಹೊರಗೆ ನಿಂತಿರ್ತಾವೆ. ಅನ್‌ಸೈನ್ಡ್ ಮಾಡಿದ್ರೂ ಅದೇ ಕಾಪಿ, ಸಿಗೋದು 429 ಕೋಟಿ ತನಕ ಅಷ್ಟೇ, ಆರೇಳು ತಿಂಗಳಿಗೆ ಮತ್ತೆ ಇಲ್ಲೇ ಬಂದು ಕೂಡ್ತೀಯ.

ಸಿಂಧನೂರು_88

ಪೋಸ್ಟ್‌ಗ್ರೆಸ್‌ನಾಗ ಆಗಿದ್ರ ಐಡಿ ನಂಬರ್ ಕೊಡೋ ಸೀಕ್ವೆನ್ಸ್‌ನ ಮೈನಸ್ ಕಡೆಯಿಂದ ಶುರು ಮಾಡಿ ಇನ್ನ 214 ಕೋಟಿ ನಂಬರ್ ಸಾಲ ತಗೋಬಹುದು, ಮೈಎಸ್‌ಕ್ಯೂಎಲ್ ಆಟೋ ಇನ್‌ಕ್ರಿಮೆಂಟ್‌ನಾಗ ಆ ದಾರಿ ಇಲ್ಲ. ಪೋಸ್ಟ್‌ಗ್ರೆಸ್‌ನಾಗ ಬ್ಯಾರೆ ಒಂದು ಲೆಕ್ಕ ಅದ, ಟ್ರಾನ್ಸ್ಯಾಕ್ಷನ್ ನಂಬರ್ ಕೂಡ 32 ಬಿಟ್ಟೇ. ದೊಡ್ಡ ಟೇಬಲ್‌ನ ವ್ಯಾಕ್ಯೂಮ್, ಅಂದ್ರ ಹಳೇ ರೋ ಸ್ವಚ್ಛ ಮಾಡೋ ಕೆಲಸ, ಮುಗೀಲಾರದ ಭಾಳ ಹಿಂದ ಬಿದ್ರ ಒಂದು ದಿನ ಡೇಟಾಬೇಸೇ ಹೊಸಾ ಬರಹ ತಗೋಳೋದಿಲ್ಲ ಅಂತದ, ಡೇಟಾ ಕಳೀಬಾರದಂತ. ಟೇಬಲ್ 32 ಟಿಬಿ ಮುಟ್ಟೋದು ಭಾಳ ದೂರ, ಇದು ಹತ್ರ.

ಕೋಟೆ_ಕೆಳಗೆ

ಆಲ್ಟರ್ ಮರ್ತು ಹಿಂಗೆ ಮಾಡು. ಅದೇ ಕಾಲಂ ಇಟ್ಟು ಖಾಲಿ ಹೊಸ ಟೇಬಲ್ ಮಾಡು, ತಿಂಗಳಿಗೊಂದು ಪಾರ್ಟಿಷನ್, ಅಂದ್ರೆ ಟೇಬಲ್‌ನ ಬೇರೆ ಬೇರೆ ಭಾಗ, ಹಾಕು. ಆಮೇಲೆ ರಿನೇಮ್ ಟೇಬಲ್ ಒಂದೇ ಕಮಾಂಡ್‌ನಾಗೆ ಹಳೇದಕ್ಕೆ ಬೇರೆ ಹೆಸರು, ಹೊಸದಕ್ಕೆ ಹಳೇ ಹೆಸರು ಕೊಡು, ಎರಡೂ ಒಟ್ಟಿಗೇ ಆಗ್ತಾವೆ, ನಡುವೆ ಯಾವ ಪಿಂಗೂ ಬೀಳಲ್ಲ. ಹಳೇ 180 ಕೋಟಿ ಇದ್ದಲ್ಲೇ ಇರಲಿ, ಅದನ್ನ ಮುಟ್ಟೋದೇ ಬೇಡ.

ಪಾಠದ_ಮೇಡಂ

ಹೊಸ ಟೇಬಲ್‌ಗೆ ಐಡಿ ಯಾಕ ಬೇಕು ಅಂತ ಮೊದಲು ಕೇಳ್ಕೋರಿ. ಗಾಡಿ ಮತ್ತು ಟೈಮ್ ಸೇರಿದ್ರ ಹೆಂಗೂ ಒಂದೇ ಒಂದು ರೆಕಾರ್ಡ್, ನೀವೇ ಯುನೀಕ್ ಹಾಕೀರಿ. ಅದನ್ನೇ ಪ್ರೈಮರಿ ಕೀ, ಅಂದ್ರ ರೆಕಾರ್ಡಿನ ಮುಖ್ಯ ಗುರುತು, ಮಾಡ್ರಿ. ಇನ್ನೊಡಿಬಿ ಡೇಟಾನ ಪ್ರೈಮರಿ ಕೀ ಸಾಲಿನಾಗ ಜೋಡಿಸಿ ಇಡ್ತದ, ಹಂಗಾಗಿ ಒಂದು ಗಾಡಿ ಒಂದು ದಿನದ ಪಿಂಗೆಲ್ಲ ಅಕ್ಕಪಕ್ಕದ ಪುಟದಾಗ ಕುಂದರ್ತಾವ. ಈಗ ಏನಾಗ್ಯಾವಂದ್ರ, ಬಂದ ಸಾಲಿನಾಗ ಬಿದ್ದಾವ, 1200 ಗಾಡಿದು ಕಲಸಿ. ಒಂದು ಗಾಡಿ ರಿಪೋರ್ಟಿಗೆ ಸಾವಿರಾರು ಪುಟ ಹುಡುಕಬೇಕು. ಬರೆಯುವಾಗ ಸ್ವಲ್ಪ ಚದುರಿ ಬರೀಬೇಕಾಗ್ತದ ಖರೆ, ಆದ್ರ ತಿಂಗಳ ಪಾರ್ಟಿಷನ್ ಇದ್ರ ಅದರಾಗ ಈಗ ಬಳಸೋ ಪುಟಗಳು ಮೆಮೊರಿಯಾಗೇ ಹಿಡಿತಾವ.

ಮತ್ತ ಪಾರ್ಟಿಷನ್ ಟೇಬಲ್‌ನಾಗ ಪ್ರೈಮರಿ ಕೀ ಒಳಗ ಪಾರ್ಟಿಷನ್ ಕಾಲಂ ಇರಲೇಬೇಕು ಅಂತ ನಿಯಮ ಅದ, ಟೈಮ್ ಕೀಯಾಗೇ ಇದ್ದದ್ದಕ್ಕ ಅದೂ ತಾನೇ ಬಗೆಹರೀತು. ಐಡಿ ಯಾವುದಕ್ಕರ ಬೇಕೇ ಬೇಕಂದ್ರ ಬಿಗ್‌ಇಂಟ್ ಇಡ್ರಿ, ನಿಮ್ಮ ಲೆಕ್ಕದಾಗ ಅದು ತುಂಬಾಕ 243 ಕೋಟಿ ವರ್ಷ ಬೇಕು.

ಬಿಸಿಎ_ಲಿಂಗಸುಗೂರು

ಮೇಡಂ, ಹಿಂಗ ಡೇಟಾನ ಪ್ರೈಮರಿ ಕೀ ಸಾಲಿನಾಗ ಜೋಡಿಸೋದಕ್ಕ ಕ್ಲಸ್ಟರ್ಡ್ ಇಂಡೆಕ್ಸ್ ಅಂತಾರ ಅಂತ ಇದನ್ನ ಓದಿ ಮೊದಲ ಸಲ ತಿಳೀತು.

ಗಂಗಾವತಿ_ಗಿರಣಿ | ಭಾನುವಾರ ಬೆಳಿಗ್ಗೆ

ನಮ್ಮ ಅನುಭವ ಹೇಳ್ತೀನ್ರಿ, ಟೇಬಲ್ ನಿಮ್ಮಷ್ಟು ದೊಡ್ಡದಲ್ಲ ಆದ್ರ ಲಿಮಿಟ್ ಬಂದು ಹೊಡೆದದ್ದು ಖರೆ. ಅಕ್ಕಿ ಗಿರಣಿ ನಮ್ದು, ವೇಬ್ರಿಡ್ಜ್ ಸಾಫ್ಟ್‌ವೇರ್ ಒಬ್ಬರ ಕಡೆ ಹಾಕಿಸಿದ್ವಿ, ಒಳಗ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ 2014 ಡೇಟಾಬೇಸ್. ಪುಗಸಟ್ಟೆ ಬರ್ತೈತಿ ಅಂತ ಅದನ್ನ ಹಾಕ್ಯಾರ, ಅದಕ್ಕ ಒಂದು ಡೇಟಾಬೇಸ್‌ಗೆ 10 ಜಿಬಿ ಅಂತ ಕಟ್ಟು ಐತಿ ಅನ್ನೋದನ್ನ ನಮಗ ಯಾರೂ ಹೇಳಿಲ್ಲ. ಪ್ರತಿ ಗಾಡಿ ತೂಕಕ್ಕ ಬಂದಾಗ ಎರಡು ಫೋಟೋ ತಗೀತೈತಿ, ತುಂಬಿದ್ದು ಒಂದು ಖಾಲಿ ಒಂದು, ಆ ಫೋಟೋನೂ ಟೇಬಲ್ ಒಳಗೇ ಹಾಕ್ತಿತ್ತು. ಎರಡೂ ಸೇರಿ 300 ಕೆಬಿ, ಸುಗ್ಗಿಯಾಗ ದಿನಕ್ಕ 200 ಗಾಡಿ, ಅಂದ್ರ 60 ಎಂಬಿ. ಲೆಕ್ಕ ಹಚ್ಚಿದ್ರ 170 ದಿನಕ್ಕ 10 ಜಿಬಿ.

ಆ 170ನೇ ದಿನ ಭತ್ತದ ಸುಗ್ಗಿ ನಡುವ ಬಂತ್ರಿ. ಪ್ರೈಮರಿ ಫೈಲ್‌ಗ್ರೂಪ್ ಫುಲ್ ಅಂತ ಬಂದು ಚೀಟಿ ಬರೋದು ನಿಂತಿತು, ಗೇಟಿನ ಹೊರಗ ಟ್ರ್ಯಾಕ್ಟರ್ ಸಾಲು ರಸ್ತೆ ತನಕ, ರೈತ್ರು ರಾತ್ರಿಯಿಂದ ಬಂದು ನಿಂತಾರ, ಬಿಸಿಲಿನಾಗ ಕಾಯಸಬಾರದು ಅಂತ ನಾವು ಕೈಲೆ ಚೀಟಿ ಬರೆದು ಒಳಗ ಬಿಟ್ವಿ. ಡಿಸ್ಕಿನಾಗ 400 ಜಿಬಿ ಖಾಲಿ ಇತ್ತು ನೋಡ್ರಿ, ಅದಕ್ಕ ನಮಗ ತಿಳೀಲೇ ಇಲ್ಲ. ಆಮ್ಯಾಲ ಫೋಟೋ ಎಲ್ಲಾ ಫೋಲ್ಡರ್‌ಗೆ ಹಾಕಿ ಟೇಬಲ್‌ನಾಗ ಫೈಲ್ ಹೆಸರು ಮಾತ್ರ ಇಟ್ವಿ, ಡೇಟಾಬೇಸ್ ಈಗ 1 ಜಿಬಿ ಒಳಗೈತಿ.

ಕೋಟೆ_ಕೆಳಗೆ

ಡಿಸ್ಕ್ ಖಾಲಿ ಇದ್ರೂ ತುಂಬೈತೆ ಅನ್ನೋದು ನಾನೂ ಕಂಡೀನಿ. ಮೊದಲು ಒಂದು ಕಾರ್ಖಾನೆನಾಗೆ ಒರಾಕಲ್ ಡೇಟಾಬೇಸ್ ನೋಡ್ತಿದ್ದೆ. ಟೇಬಲ್ ಎಕ್ಸ್‌ಟೆಂಡ್ ಆಗಲ್ಲ ಅಂತ ಓರಾ 01653 ಬಂತು, ಆಟೋ ಎಕ್ಸ್‌ಟೆಂಡ್ ಆನ್ ಐತೆ, ಡಿಸ್ಕ್ ಖಾಲಿ ಐತೆ. ಫೈಲ್ ಸೈಜ್ ನೋಡಿದ್ರೆ 32 ಜಿಬಿ. ಸಾಮಾನ್ಯ ಟೇಬಲ್‌ಸ್ಪೇಸ್‌ನಾಗೆ (ಟೇಬಲ್ ಇಡೋ ಜಾಗ) ಒಂದು ಡೇಟಾಫೈಲ್ ಒಳಗೆ ಬ್ಲಾಕ್ ನಂಬರಿಗೆ 22 ಬಿಟ್ ಮಾತ್ರ, 41 ಲಕ್ಷ 94 ಸಾವಿರ ಬ್ಲಾಕು, 8 ಕೆಬಿ ಗುಣಿಸಿದ್ರೆ 32 ಜಿಬಿ. ಇನ್ನೊಂದು ಫೈಲ್ ಸೇರಿಸಿದ್ರೆ ಮುಂದೆ ಹೋಗ್ತೈತೆ, ಎರಡು ನಿಮಿಷದ ಕೆಲಸ. ಮೇಡಂ ಹೇಳಿದ ಕಿರ್ದಿ ಚೌಕ ಅಂತ ಆವತ್ತು ಯಾರಾದ್ರೂ ಹೇಳಿಕೊಟ್ಟಿದ್ರೆ ಶಿಫ್ಟ್ ಪೂರ್ತಿ ಹುಡುಕೋದು ತಪ್ತಿತ್ತು.

ಹಗರಿ_ಹುಡುಗ

ಎಲ್ಲಾರಿಗೂ ದೊಡ್ಡ ನಮಸ್ಕಾರ. ಟೆಸ್ಟ್ ಮಷಿನ್‌ನಾಗೆ ಹೊಸ ಟೇಬಲ್ ಮಾಡಿ ನೋಡ್ತಾ ಇದೀನಿ. ಎರಡು ಪ್ರಶ್ನೆ. ಗಾಡಿ ಮಾಲೀಕರು ಮೂರು ತಿಂಗಳ ಹಿಂದಿನ ತನಕ ರಿಪೋರ್ಟ್ ಕೇಳ್ತಾರೆ, ಅದನ್ನ ಹೊಸ ಟೇಬಲ್‌ಗೆ ಕಾಪಿ ಮಾಡ್ಲಾ? ಇಲ್ಲ ಎರಡೂ ಸೇರಿಸಿ ಯೂನಿಯನ್ ಆಲ್ ವ್ಯೂ ಹಾಕ್ಲಾ?

ಸಿಂಧನೂರು_88

ವ್ಯೂ ಹಾಕೋ ಮೊದಲು ವರ್ಷನ್ ನೋಡ್ರಿ. 8.0.29ರಿಂದ ಮ್ಯಾಲ ಇದ್ರ ನಿಮ್ಮ ತಾರೀಖಿನ ಷರತ್ತು ಯೂನಿಯನ್ ಒಳಗ ಇಳೀತದ, ಅದಕ್ಕಿಂತ ಹಳೇದಾದ್ರ ಎರಡೂ ಟೇಬಲ್ ಪೂರ್ತಿ ಓದಿ ಟೆಂಪರರಿ ಟೇಬಲ್ ಕಟ್ಟತದ, 180 ಕೋಟಿ ಓದಾಕ ಹತ್ತಿದ್ರ ಸರ್ವರ್ ಎದ್ದೇಳಂಗಿಲ್ಲ.

ಹಗರಿ_ಹುಡುಗ

8.0.27 ಐತೆ.

ಕೋಟೆ_ಕೆಳಗೆ

ವ್ಯೂ ಬಿಡು. ರಿಪೋರ್ಟ್ ಕೋಡ್‌ನಾಗೆ ತಾರೀಖು ನೋಡಿ ಯಾವ ಟೇಬಲ್ ಅಂತ ಆರಿಸು. ಕಾಪಿನೂ ಬೇಡ. ಮೂರು ತಿಂಗಳು ಕಾದ್ರೆ ಹಳೇ ಟೇಬಲ್ ಯಾರಿಗೂ ಬೇಡಾಗ್ತೈತೆ. ಅದರೊಳಗೆ ಅದನ್ನ ಹೊರಗಿನ ಡಿಸ್ಕ್‌ಗೆ ಬ್ಯಾಕಪ್ ತಗೊಂಡು ಬೇರೆ ಮಷಿನ್‌ಗೆ ಒಂದು ಸಲ ರಿಸ್ಟೋರ್ ಮಾಡಿ ನೋಡು. ಎಷ್ಟು ತಾಸು ಹಿಡೀತು ಅಂತ ಬರೆದಿಟ್ಕೊ. ತಮ್ಮಾ, ಓನರ್ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಆ ತಾಸಿನಾಗೈತೆ. ಮೇ ತಿಂಗಳ ಬಿಸಿಲಿಗೆ ಡಿಸ್ಕ್ ಸತ್ರೆ ವಾಪಸ್ ಎಬ್ಬಿಸೋಕೆ ಎರಡು ದಿನ ಬೇಕು, ಆದ್ರೆ ನಿಮ್ಮ ಗಿರಾಕಿ ನಾಲ್ಕು ತಾಸು ಮಾತ್ರ ಕಾಯ್ತಾನೆ ಅಂದ್ರೆ, ನಿನ್ನ ಟೇಬಲ್ ಲಿಮಿಟ್ ಯಾವಾಗೋ ದಾಟಿ ಹೋಗೈತೆ. 64 ಟಿಬಿ ಅಂತ ಪುಸ್ತಕದಾಗೆ ಇದ್ರೆ ಅದು ಮೈಎಸ್‌ಕ್ಯೂಎಲ್ ತಡಿಯೋ ಲೆಕ್ಕ, ನೀ ತಡಿಯೋ ಲೆಕ್ಕ ಬೇರೆ.

ಸಿಂಧನೂರು_88

ಇದಕ್ಕ ನನ್ನದೂ ಹೌದು. ನಮ್ಮ ಟೀಮಿನಾಗ 300 ಜಿಬಿ ಟೇಬಲ್ ಡಂಪ್‌ನಿಂದ, ಅಂದ್ರ ಡೇಟಾನ ಕಮಾಂಡ್ ಆಗಿ ಬರೆದಿಟ್ಟ ಬ್ಯಾಕಪ್‌ನಿಂದ, ಎಬ್ಬಿಸಾಕ ಒಂದು ಸಲ 31 ತಾಸು ಹಿಡಿದಿತ್ತು, ರೋ ಹಾಕೋದಕ್ಕಿಂತ ಇಂಡೆಕ್ಸ್ ಕಟ್ಟಾಕೇ ಜಾಸ್ತಿ ಹೋತು. ಫೈಲ್ ಲೆವೆಲ್ ಬ್ಯಾಕಪ್ ಇದ್ದಿದ್ರ ಸೆಕೆಂಡಿಗೆ 100 ಎಂಬಿ ಅಂದ್ರೂ ಒಂದು ತಾಸಿನಾಗ ಕಾಪಿ ಆಗ್ತಿತ್ತು. ಆಮ್ಯಾಲ ನಾವು ಡಂಪ್ ಒಂದನ್ನೇ ನಂಬೋದು ಬಿಟ್ವಿ.

ಮುನಿರಾಬಾದ್_ನೀರು

ನಡುವ ಬರ್ತೀನಿ, ಕ್ಷಮಿಸ್ರಿ. ಮೂರು ತಿಂಗಳಾದ್ರ ಹಳೇ ಟೇಬಲ್ ಯಾರಿಗೂ ಬೇಡ ಅನ್ನೋದು ಓದಿ ಸಮಾಧಾನ ಆಗಲಿಲ್ಲ. ನಾ ಡ್ಯಾಂ ಮಗ್ಗಲದ ಊರಿನೋನು, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾದ 19ನೇ ಗೇಟು ಕೊಚ್ಚಿ ಹೋದಾಗ ನಾವೆಲ್ಲಾ ಎದ್ದು ಕುಂತಿದ್ವಿ, ಒಳಹರಿವು ಎಷ್ಟು ಹೊರಹರಿವು ಎಷ್ಟು ಅನ್ನೋ ಅಂಕಿ ಬಿಟ್ರ ಬ್ಯಾರೆ ಮಾತಿರಲಿಲ್ಲ. ಅಂಥಾ ಹೊತ್ತಿನಾಗ ಹಳೇ ಲೆಕ್ಕದ ಬೆಲೆ ತಿಳೀತೈತಿ. ಡೇಟಾ ದೊಡ್ಡದಾತು ಅಂತ ಅಳಿಸೋ ರೂಢಿ ಬೀಳಬಾರದು.

ಪಾಠದ_ಮೇಡಂ

ನಿಮ್ಮ ಮಾತಿಗೆ ನನ್ನ ಮನಸು ಪೂರ್ತಿ ಒಪ್ತದ ಅಣ್ಣಾರ. ಒಂದು ಲೆಕ್ಕ ಮಾತ್ರ ನೋಡ್ರಿ. ನೀರಿನ ಮಟ್ಟ ತಾಸಿಗೊಂದು ಸಲ ಬರೆದ್ರ 70 ವರ್ಷಕ್ಕ 6 ಲಕ್ಷ 13 ಸಾವಿರ ರೆಕಾರ್ಡ್ ಆಗ್ತಾವ. ಈ ಹುಡುಗನ ಲಾರಿಗಳು ಅಷ್ಟನ್ನ ಒಂದೂವರೆ ತಾಸಿನೊಳಗ ಕಳಿಸ್ತಾವ. ನೀರಿನ ಲೆಕ್ಕ ಎಂದೂ ಅಳಿಸಬ್ಯಾಡ್ರಿ, ಅದು ಒಂದು ಮೊಬೈಲಿನಾಗ ಹಿಡಿತದ. ಢಾಬಾದ ಮುಂದ ನಿಂತ ಲಾರಿ 10 ಸೆಕೆಂಡಿಗೊಮ್ಮೆ ಇಲ್ಲೇ ಇದೀನಿ ಅಂದದ್ದನ್ನ ಇಡೋದು ಬ್ಯಾರೆ. ಹಗರಿ, ಗಾಡಿ ನಿಂತಾಗ 5 ನಿಮಿಷಕ್ಕೊಂದು ಪಿಂಗ್ ಇಟ್ಕೊಂಡ್ರ ಸಾಕಲ್ಲ? ಎಷ್ಟು ಕಮ್ಮಿ ಆಗ್ತದ ನೋಡಿ ಹೇಳ್ರಿ. ಮತ್ತ ಒಂದೊಂದು ಟ್ರಿಪ್ಪಿನ ಸಾರಾಂಶ, ಎಲ್ಲಿಂದ ಎಲ್ಲಿಗೆ ಎಷ್ಟೊತ್ತು ಎಷ್ಟು ಕಿಲೋಮೀಟರ್, ಅದನ್ನ ಸಣ್ಣ ಟೇಬಲ್‌ನಾಗ ಕಾಯಂ ಇಡ್ರಿ. ಪಿಂಗ್ ಅಳಿಸಿದ್ರೂ ಕತಿ ಉಳೀತದ.

ಮುನಿರಾಬಾದ್_ನೀರು

ಇದು ನ್ಯಾಯದ ಮಾತು ಮೇಡಂ.

ಕೋಟೆ_ಕೆಳಗೆ

ಅಳಿಸುವಾಗ ಡಿಲೀಟ್ ಹೊಡೀಬೇಡ್ರಿ ಅಂತ ಒಂದು ಸೇರಿಸ್ತೀನಿ. ಡಿಲೀಟ್ ಮಾಡಿದ್ರೆ ತಾಸುಗಟ್ಟಲೆ ನಡೀತೈತೆ, ಆಮೇಲೂ ಫೈಲ್ ಸೈಜ್ ಒಂದು ಎಂಬಿ ಇಳಿಯಲ್ಲ, ಜಾಗ ಟೇಬಲ್ ಒಳಗೇ ಖಾಲಿ ಉಳೀತೈತೆ. ಪಾರ್ಟಿಷನ್ ಡ್ರಾಪ್ ಮಾಡಿದ್ರೆ ಆ ತಿಂಗಳ ಫೈಲೇ ಹೋಗ್ತೈತೆ. ಪಾರ್ಟಿಷನ್ ಮುಂದಿನ ಒಂದು ವರ್ಷದ್ದು ಈಗಲೇ ಹಾಕಿಡು, ಜನವರಿ 1ರ ರಾತ್ರಿ 12ಕ್ಕೆ ಈ ತಾರೀಖಿಗೆ ಪಾರ್ಟಿಷನ್ ಇಲ್ಲ ಅಂತ ಎರರ್ ಬರೋದು ಯಾರಿಗೂ ಬೇಡ.

ಬಿಸಿಎ_ಲಿಂಗಸುಗೂರು

ಒಂದು ಡೌಟು. ಬದಲಿ ಮಾಡಿದ ಮ್ಯಾಲ ಗುಡ್ಡದಾಗ ಇದ್ದ ಗಾಡಿ ನಿನ್ನಿ ಪಿಂಗ್ ಇವತ್ತು ಕಳಿಸಿದ್ರ? ಅದು ಹೊಸ ಟೇಬಲ್‌ಗೆ ಬೀಳ್ತದ, ಆದ್ರ ನಿನ್ನಿ ರಿಪೋರ್ಟು ಹಳೇ ಟೇಬಲ್ ನೋಡ್ತದ. ಕಳೆದು ಹೋಗಂಗಿಲ್ಲೇನು?

ಸಿಂಧನೂರು_88

ತಮ್ಮಾ ಇದನ್ನ ನಾವ್ಯಾರೂ ನೋಡಿರಲಿಲ್ಲ, ಶಾಬಾಸ್. ಎರಡು ದಿನ ಬಿಟ್ಟು ಬದಲಿ ತಾರೀಖಿಗಿಂತ ಹಿಂದಿನ ಪಿಂಗ್ ಹೊಸ ಟೇಬಲ್‌ನಾಗ ಎಷ್ಟು ಬಿದ್ದಾವ ನೋಡಿ, ಹಳೇದಕ್ಕ ಇನ್ಸರ್ಟ್ ಇಗ್ನೋರ್ ಮಾಡ್ರಿ. ಹಳೇದರಾಗ ಇನ್ನ ಹತ್ತಿಪ್ಪತ್ತು ಲಕ್ಷ ಐಡಿಗೆ ಜಾಗ ಧಾರಾಳ ಅದ. ಮತ್ತ ಬದಲಿನ ರಾತ್ರಿ 12ರ ಹತ್ರ ಮಾಡ್ರಿ, ತಾರೀಖು ಸ್ವಚ್ಛ ಕೂಡ್ತದ.

ಹತ್ತಿಬಜಾರ್_ರಾಯಚೂರು

ಕೋಟೆ ಅಣ್ಣಾ, ಹೊಸಾ ಹಾರ್ಡ್‌ಡಿಸ್ಕ್ ತಂದೆ. ನಿನ್ನಿ ರಾತ್ರಿ ಬ್ಯಾಕಪ್ ಪೂರ್ತಿ ಆತು, 5.2 ಜಿಬಿ. ತೆರೆದು ನೋಡಿದೆ, ಎಲ್ಲಾ ಪಾರ್ಟಿ ಖಾತಾ ಅವ. ನಿಮ್ಮಿಂದ ಭಾಳ ಉಪಕಾರ ಆತು.

ಹಗರಿ_ಹುಡುಗ | ಬುಧವಾರ ಬೆಳಗಿನ ಜಾವ 2:40

ಆಯ್ತು. ರಿನೇಮ್ ಹೊಡೆದಾಗ ಒಂದು ಸೆಕೆಂಡೂ ಹಿಡೀಲಿಲ್ಲ. ಅದಕ್ಕಿಂತ ಮೊದಲು ಒಂದು ದೊಡ್ಡ ರಿಪೋರ್ಟ್ ಓಡ್ತಾ ಇತ್ತು, ಅದು ಮುಗಿಯೋ ತನಕ ರಿನೇಮ್ ಕಾಯ್ತಾ ನಿಂತು ಅದರ ಹಿಂದೆ ಪಿಂಗೆಲ್ಲ ಸಾಲು ನಿಂತಿದ್ವು, ರಿಪೋರ್ಟ್ ಕಿಲ್ ಮಾಡಿದ ಮೇಲೆ ಹೋಯ್ತು. ಮುಂದೆ ಮಾಡೋರು ಏನೇನು ಓಡ್ತಾ ಐತೆ ಅಂತ ಮೊದಲು ಪ್ರೋಸೆಸ್‌ಲಿಸ್ಟ್ ನೋಡ್ಕೊಳ್ರಿ. ಐಡಿ ತೆಗೆದು ಗಾಡಿ ಮತ್ತು ಟೈಮ್ ಪ್ರೈಮರಿ ಕೀ ಮಾಡೀನಿ, ತಿಂಗಳ ಪಾರ್ಟಿಷನ್ ಒಂದು ವರ್ಷದ್ದು ಹಾಕೀನಿ. ಓನರು ರಾತ್ರಿ ಇಡೀ ಪಕ್ಕದಾಗೆ ಕೂತಿದ್ರು, ಅವರ ಮನೆಯಿಂದ ಚಹಾ ಬಂತು.

ಹಗರಿ_ಹುಡುಗ | ಶನಿವಾರ

ಮೂರು ದಿನದ ಲೆಕ್ಕ. ಒಂದು ಗಾಡಿ ಒಂದು ದಿನದ ರಿಪೋರ್ಟ್ ಮೊದಲು 40 ಸೆಕೆಂಡ್ ತಗೋತಿತ್ತು, ಈಗ ಅರ್ಧ ಸೆಕೆಂಡ್ ಒಳಗೆ ಬರ್ತೈತೆ. ನಿಂತ ಗಾಡಿ ಪಿಂಗ್ 5 ನಿಮಿಷಕ್ಕೊಂದು ಮಾಡಿದ ಮೇಲೆ ದಿನಕ್ಕೆ 1 ಕೋಟಿ ಬದಲಿ 46 ಲಕ್ಷ ಬರ್ತಾ ಅದಾವೆ. ಲಿಂಗಸುಗೂರು ತಮ್ಮ ಹೇಳಿದಂಗೆ ತಡವಾಗಿ ಬಂದ ಪಿಂಗ್ 1,912 ಸಿಕ್ಕವು, ಎಲ್ಲಾ ಸಂಡೂರು ಗುಡ್ಡದ ಗಾಡಿಗಳದ್ದೇ, ಹಳೇ ಟೇಬಲ್‌ಗೆ ಹಾಕೀನಿ. ರಿಸ್ಟೋರ್ ಟೆಸ್ಟಿಗೆ ಓನರು ಹಳೇ ಡೆಸ್ಕ್‌ಟಾಪ್ ಒಂದಕ್ಕೆ ಹೊಸ ಎಸ್‌ಎಸ್‌ಡಿ ಕೊಡಿಸ್ಯಾರೆ, ಇವತ್ತು ಮಧ್ಯಾಹ್ನ 3ಕ್ಕೆ ಶುರು ಮಾಡ್ತೀನಿ, ಎಷ್ಟು ತಾಸು ಹಿಡೀತು ಅಂತ ಇಲ್ಲೇ ಬರೀತೀನಿ ಕೋಟೆ ಅಣ್ಣ.

ಕೋಟೆ_ಕೆಳಗೆ

ಯುಪಿಎಸ್‌ಗೆ ಹಾಕಿ ಶುರು ಮಾಡಪ್ಪ, ಮಧ್ಯಾಹ್ನ ಕರೆಂಟ್ ಹೋಗ್ತೈತೆ.